ಬಿಳಿ ಗೋಡೆಯನ್ನು ಓದುವುದು ಹೇಗೆ?

ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುವ ತರಗತಿಗಳು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಬೇಕಾದಷ್ಟಿವೆ. ಚಿತ್ರ ನೋಡುವುದನ್ನು ಕಲಿಸುವ ತರಗತಿ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ನೋಡುವುದಕ್ಕೂ ಪಾಠ ಬೇಕೆ ಎಂದು ತಂದೆತಾಯಿ ಕೇಳಬಹುದು. ಕಣ್ಣಿದ್ದವರೆಲ್ಲ ನೋಡುತ್ತಾರೆ, ನಿಜ. ಆದರೆ ಪಠ್ಯಪುಸ್ತಕದಲ್ಲಿ ಚಿತ್ರವೊಂದು ಎದುರಾದಾಗ ಹುಡುಗರು ಮಾಡುವುದೇನು? ಅದರ ಅಡಿಯಲ್ಲಿರುವ ಸಾಲನ್ನು ಓದಿ, ಇದು ಇಂಥದ್ದು ಎಂದು ತಿಳಿದು, ಪುಟ ಮಗುಚುತ್ತಾರೆ. ಪರೀಕ್ಷೆಗೆ ಬರುವುದು ಆ ಸಾಲೇ ಹೊರತು ಚಿತ್ರವಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಅಡಿಯ ಸಾಲನ್ನು ಕೈಯಿಂದ ಮುಚ್ಚಿ, ಚಿತ್ರವನ್ನಷ್ಟೇ ಹತ್ತು ನಿಮಿಷ ನೋಡಿದರೆ ಏನೇನು ತಿಳಿದೀತು? ಇದಕ್ಕೆ ನಮ್ಮ ಬೀದಿಗಳಿಗೆ ಏನೇನೂ ಸಂಬಂಧವಿಲ್ಲ ಎನ್ನಿಸುವ ಚಿತ್ರವೇ ಒಳ್ಳೆಯದು. ಪರಿಚಯದ ವಸ್ತುವನ್ನು ಕಣ್ಣು ನೋಡದೆಯೇ ಗುರುತಿಸಿಬಿಡುತ್ತದೆ. ಅಪರಿಚಿತವಾದದ್ದರ ಮುಂದೆ ಅದಕ್ಕೆ ಕೆಲಸ ಮಾಡದೆ ಗತ್ಯಂತರವಿಲ್ಲ.

ಅಂಥದೊಂದು ಚಿತ್ರ ಹಾಲೆಂಡಿನ ಹಾರ್ಲೆಮ್ ಪಟ್ಟಣದ್ದು. 1628ರಲ್ಲಿ ಸ್ಯಾಮ್ಯುಯೆಲ್ ಆಂಪ್ಸಿಂಗ್ ಎಂಬ ಪಾದ್ರಿ ತನ್ನ ಊರನ್ನು ವರ್ಣಿಸಿ, ಹೊಗಳಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ನಮ್ಮಲ್ಲಿ ಸ್ಥಳಪುರಾಣಗಳಿರುವಂತೆ ಆ ಕಾಲದ ಡಚ್ ಪಟ್ಟಣಗಳಿಗೂ ಇಂಥ ಪುಸ್ತಕಗಳಿದ್ದವು. ಅದರಲ್ಲಿ ಊರಿನ ದೊಡ್ಡ ಚರ್ಚಾದ ಸೇಂಟ್ ಬಾವೋದ ಒಳಭಾಗದ ಚಿತ್ರವೊಂದಿದೆ. ರೇಖಾಚಿತ್ರ ಬರೆದವನು ಪೀಟರ್ ಸಾನ್ರೆಡಾಮ್. ಅದನ್ನು ತಾಮ್ರದ ಹಾಳೆಯ ಮೇಲೆ ಕೊರೆದವನು ಯಾನ್ ವ್ಯಾನ್ ಡ ವೆಲ್ಡೆ. ಅದೇ ಕಾಲಕ್ಕೆ ಬೆಂಗಳೂರು ಇನ್ನೂ ಕೆಂಪೇಗೌಡರ ವಂಶದವರ ಕೈಯಲ್ಲಿತ್ತು. ಬಿಜಾಪುರದ ಸೈನ್ಯ ಬಂದು ಅದನ್ನು ಗೆದ್ದುಕೊಳ್ಳಲು ಇನ್ನೂ ಹತ್ತು ವರ್ಷ ಬಾಕಿ ಇತ್ತು.

ಎತ್ತರವಾದ ಕಂಬಗಳ ಸಾಲು, ಮೇಲೆ ಕಮಾನುಗಳು, ಕಲ್ಲು ಹಾಸಿದ ನೆಲ, ಹೆಚ್ಚುಕಡಿಮೆ ಬರಿದಾದ ಗೋಡೆಗಳು. ಮೊದಲ ನೋಟಕ್ಕೆ ಸಿಗುವುದು ಇಷ್ಟೆ. ಬಣ್ಣವೂ ಇಲ್ಲ, ಕಥೆಯೂ ಇಲ್ಲ. ಹಾಗಾದರೆ ಓದುವುದೇನನ್ನು?

ತಾಮ್ರದ ಹಾಳೆ, ಉಕ್ಕಿನ ಮೊನೆ

ಮೊದಲು ತಿಳಿಯಬೇಕಾದದ್ದು ಚಿತ್ರ ಹುಟ್ಟಿದ ಬಗೆ. ಎನ್‌ಗ್ರೇವಿಂಗ್ ಎಂದರೆ ಕುಂಚದ ಕೆಲಸವಲ್ಲ, ಕೊರೆಯುವ ಕೆಲಸ. ನುಣುಪು ಮಾಡಿದ ತಾಮ್ರದ ಹಾಳೆಯನ್ನು ಚೂಪಾದ ಉಕ್ಕಿನ ಉಳಿಯಿಂದ ಗೆರೆಗೆರೆಯಾಗಿ ಕೊರೆಯುತ್ತಾರೆ. ಆಮೇಲೆ ಹಾಳೆಗೆ ಶಾಯಿ ಬಳಿದು ಒರೆಸಿದಾಗ ಮೇಲಿನ ಶಾಯಿ ಹೋಗಿ, ಗೆರೆಯೊಳಗಿನದು ಮಾತ್ರ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಒತ್ತಿದರೆ ಕಾಗದ ಆ ಗೆರೆಗಳಿಂದ ಶಾಯಿಯನ್ನು ಹೀರಿಕೊಂಡು ಬರುತ್ತದೆ. ಒಂದೇ ಹಾಳೆಯಿಂದ ನೂರಾರು ಪ್ರತಿಗಳು ತಯಾರು.

ಇಷ್ಟು ಗೊತ್ತಾದ ಕೂಡಲೇ ಚಿತ್ರ ಬೇರೆಯಾಗಿ ಕಾಣುತ್ತದೆ. ಇಲ್ಲಿ ಕತ್ತಲೆ ಎಂದರೆ ಗೆರೆಗಳ ದಟ್ಟಣೆ. ನೆರಳು ಬೇಕಾದ ಕಡೆ ಗೆರೆಗಳು ಹತ್ತಿರ ಹತ್ತಿರ ಸೇರುತ್ತವೆ. ಇನ್ನೂ ಕಪ್ಪಾಗಬೇಕಾದರೆ ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಬೆಳಕು ಎಂದರೆ ಗೆರೆಯೇ ಇಲ್ಲದ ಜಾಗ. ಸುಣ್ಣ ಬಳಿದ ಬಿಳಿ ಗೋಡೆಯನ್ನು ತೋರಿಸಲು ಕೊರೆಯುವವನು ಮಾಡಬೇಕಾದದ್ದು, ಉಳಿಯನ್ನು ಎತ್ತಿಟ್ಟು ಸುಮ್ಮನಿರುವುದು. ಚಿತ್ರದಲ್ಲಿ ನಾವು ಗೋಡೆಯೆಂದು ತಿಳಿಯುವ ಬಹುಭಾಗ ನಿಜಕ್ಕೂ ಖಾಲಿ ಕಾಗದ. ಕಂಬದ ಅಂಚಿನ ಒಂದು ಗೆರೆ, ಕಮಾನಿನ ಕೆಳಗಿನ ಒಂದಿಷ್ಟು ನೆರಳು ಇವೆರಡರ ನಡುವೆ ಗೋಡೆಯನ್ನು ಕಟ್ಟುವುದು ನೋಡುವವನ ಕಣ್ಣೇ.

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಒತ್ತಿ ತೆಗೆದ ಪ್ರತಿಯಲ್ಲಿ ಎಡಬಲಗಳು ತಿರುವುಮುರುವಾಗುತ್ತವೆ, ರಬ್ಬರ್ ಸ್ಟಾಂಪಿನಲ್ಲಿ ಅಕ್ಷರ ಉಲ್ಟಾ ಇರುವಂತೆ. ಎಚ್ಚರಿಕೆಯ ಕೆಲಸಗಾರ ಮೂಲಚಿತ್ರವನ್ನೇ ತಿರುವಿ ಕೊರೆಯುತ್ತಿದ್ದ. ಎಲ್ಲರಿಗೂ ಆ ತಾಳ್ಮೆ ಇರಲಿಲ್ಲ. ಆದ್ದರಿಂದ ಹಳೆಯ ಮುದ್ರಣಚಿತ್ರದಲ್ಲಿ ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ, ಆ ದೇಶದವರೆಲ್ಲ ಎಡಚರು ಎಂದು ತೀರ್ಮಾನಿಸಬಾರದು.

ಗೆರೆಗಳು ಕೂಡುವ ಜಾಗ

ವಿಜಯನಗರ ಮೆಟ್ರೋ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ನಿಂತು ಹಳಿಗಳ ಉದ್ದಕ್ಕೂ ದೂರ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹಳಿಗಳ ನಡುವಿನ ಅಂತರ ಎಲ್ಲೂ ಕಡಿಮೆಯಾಗುವುದಿಲ್ಲ, ಆದರೂ ಅವು ದೂರದಲ್ಲಿ ಒಂದು ಕಡೆ ಕೂಡಿದಂತೆ ಕಾಣುತ್ತವೆ. ಪ್ಲಾಟ್‌ಫಾರಂನ ಅಂಚು, ಚಾವಣಿಯ ಅಂಚು, ದೀಪಗಳ ಸಾಲು ಎಲ್ಲವೂ ಅದೇ ಬಿಂದುವಿನತ್ತ ಓಡುತ್ತವೆ. ಕೆಳಗಿನವು ಏರುತ್ತವೆ, ಮೇಲಿನವು ಇಳಿಯುತ್ತವೆ. ಚಿತ್ರಕಲಾ ಶಿಕ್ಷಕರು ಇದನ್ನೇ ಪರ್ಸ್‌ಪೆಕ್ಟಿವ್ ಎನ್ನುತ್ತಾರೆ.

ಡಚ್ ಚರ್ಚಿನ ಚಿತ್ರದ ಬೆನ್ನೆಲುಬು ಇದೇ. ಚಿತ್ರದ ನಕಲೊಂದರ ಮೇಲೆ ಸ್ಕೇಲ್ ಇಟ್ಟು, ಕಂಬಗಳ ಬುಡವನ್ನು ಸೇರಿಸುವ ಗೆರೆ ಎಳೆಯಬೇಕು. ಕಂಬಗಳ ತಲೆಯನ್ನು ಸೇರಿಸುವ ಗೆರೆ ಎಳೆಯಬೇಕು. ನೆಲದ ಕಲ್ಲುಗಳ ಅಂಚುಗಳನ್ನೂ ಮುಂದುವರಿಸಬೇಕು. ನೇರ ಎದುರು ನಿಂತು ಬರೆದ ಚಿತ್ರವಾದರೆ ಅಷ್ಟೂ ಗೆರೆಗಳು ಒಂದೇ ಚುಕ್ಕಿಯಲ್ಲಿ ಸೇರುತ್ತವೆ. ಆ ಚುಕ್ಕಿ ಚಿತ್ರಕಾರನ ಕಣ್ಣಿನ ಎತ್ತರದಲ್ಲಿರುತ್ತದೆ. ನಾಲ್ಕು ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಎಲ್ಲಿ ನಿಂತಿದ್ದ, ನಿಂತಿದ್ದನೋ ಕೂತಿದ್ದನೋ ಎಂಬುದನ್ನು ವಿಜಯನಗರದ ಹುಡುಗಿಯೊಬ್ಬಳು ಒಂದು ಪೆನ್ಸಿಲಿನಿಂದ ಕಂಡುಹಿಡಿಯಬಹುದು.

ಇದಕ್ಕೆ ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಚಿತ್ರದಲ್ಲಿ ಹತ್ತಿರ ನಿಂತವರು, ದೂರ ನಿಂತವರು ಇಬ್ಬರ ತಲೆಗಳೂ ಒಂದೇ ಮಟ್ಟದಲ್ಲಿದ್ದರೆ ಚಿತ್ರಕಾರ ಅವರಂತೆಯೇ ಅದೇ ನೆಲದ ಮೇಲೆ ನಿಂತಿದ್ದಾನೆ. ದೂರದವರ ತಲೆ ಮೇಲಕ್ಕೇರಿದ್ದರೆ ಅವನು ಎತ್ತರದಲ್ಲಿದ್ದಾನೆ. ದೂರದವರ ತಲೆ ಕೆಳಗಿಳಿದಿದ್ದರೆ ಅವನು ಕೂತಿದ್ದಾನೆ. ಮನೆಯ ಮಹಡಿಯಿಂದ ಬೀದಿಯ ಜನರನ್ನು ನೋಡಿದರೆ ಎರಡನೆಯ ಮಾತು ಕೂಡಲೇ ಖಚಿತವಾಗುತ್ತದೆ.

ಈ ವಿದ್ಯೆಗೆ ಆ ಕಾಲದಲ್ಲೇ ಪಠ್ಯಪುಸ್ತಕಗಳಿದ್ದವು. ಹಾನ್ಸ್ ಫ್ರೇಡೆಮನ್ ಡಿ ಫ್ರೀಸ್ ಎಂಬಾತ 1604-05ರಲ್ಲಿ ಹೊರತಂದ ಪುಸ್ತಕ ಪೂರ್ತಿ ಇಂಥ ಅಚ್ಚುಚಿತ್ರಗಳದ್ದೇ: ಮೊಗಸಾಲೆಗಳು, ಅಂಗಳಗಳು, ಚರ್ಚುಗಳು, ಎಲ್ಲದರ ಮೇಲೂ ಒಂದು ಬಿಂದುವಿನತ್ತ ಓಡುವ ಗೆರೆಗಳು. ಮುಂದೆ ಕೆಲವು ಡಚ್ ಚಿತ್ರಕಾರರು ಆ ಬಿಂದುವಿಗೆ ಸೂಜಿ ಚುಚ್ಚಿ, ಅದಕ್ಕೆ ದಾರ ಕಟ್ಟಿ, ದಾರಕ್ಕೆ ಸೀಮೆಸುಣ್ಣ ಸವರಿ, ಬಿಗಿಯಾಗಿ ಎಳೆದು ಬಿಟ್ಟು ಗೆರೆ ಮೂಡಿಸುತ್ತಿದ್ದರು. ವರ್ಮೀರ್‌ನ ಚಿತ್ರಪಟಗಳಲ್ಲಿ ಆ ಸೂಜಿಯ ತೂತುಗಳು ಇಂದಿಗೂ ಸಿಕ್ಕಿವೆ. ನಮ್ಮ ಬಡಗಿಗಳು ಮರದ ಹಲಗೆಯ ಮೇಲೆ ನೂಲು ಹೊಡೆಯುವುದನ್ನು ಕಂಡವರಿಗೆ ಇದು ಹೊಸದಲ್ಲ.

ಸಾನ್ರೆಡಾಮ್ ಈ ವಿಷಯದಲ್ಲಿ ಎಲ್ಲರಿಗಿಂತ ಶಿಸ್ತಿನ ಮನುಷ್ಯ. 1597ರಲ್ಲಿ ಹುಟ್ಟಿದ ಅವನ ತಂದೆಯೇ ಹೆಸರಾಂತ ಎನ್‌ಗ್ರೇವರ್. ಮಗ ಚರ್ಚಿನೊಳಗೆ ಕೂತು ಕಂಡದ್ದನ್ನು ಬರೆದುಕೊಳ್ಳುತ್ತಿದ್ದ. ಕಟ್ಟಡದ ಅಳತೆಗಳನ್ನು ಸಂಗ್ರಹಿಸುತ್ತಿದ್ದ. ಆಮೇಲೆ ಮನೆಯಲ್ಲಿ ಅಳತೆಗೆ ಸರಿಯಾಗಿ ಎರಡನೆಯ ಚಿತ್ರ ಕಟ್ಟುತ್ತಿದ್ದ. ಕೊನೆಗೆ ಅದನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದ. ಯೂಟ್ರೆಕ್ಟ್ ಪಟ್ಟಣದ ಬ್ಯೂರ್‌ಕೆರ್ಕ್ ಎಂಬ ಚರ್ಚನ್ನು ಅವನು ಸ್ಥಳದಲ್ಲೇ ಬರೆದುಕೊಂಡದ್ದು 1636ರಲ್ಲಿ. ಅದರಿಂದ ವರ್ಣಚಿತ್ರ ಮಾಡಿದ್ದು 1644ರಲ್ಲಿ. ನಡುವೆ ಎಂಟು ವರ್ಷ. ಎಂಟು ವರ್ಷ ಕಾಯ್ದಿರಿಸಿದ ಟಿಪ್ಪಣಿ ಉಪಯೋಗಕ್ಕೆ ಬರಬೇಕಾದರೆ ಅದನ್ನು ಎಷ್ಟು ಅಚ್ಚುಕಟ್ಟಾಗಿ ಬರೆದಿರಬೇಕೆಂದು ವಿದ್ಯಾರ್ಥಿಗಳು ಯೋಚಿಸಬಹುದು.

ಬೆಳಕು ಯಾವ ಕಡೆಯಿಂದ?

ಮೂರನೆಯ ಪ್ರಶ್ನೆಗೆ ಭೂಗೋಳದ ಪಾಠ ಬೇಕು. ಯುರೋಪಿನ ಹಳೆಯ ಚರ್ಚುಗಳಲ್ಲಿ ಮುಖ್ಯ ಪೂಜಾಭಾಗ ಸಾಮಾನ್ಯವಾಗಿ ಪೂರ್ವದಲ್ಲಿರುತ್ತದೆ. ಹಾರ್ಲೆಮ್‌ನ ಚರ್ಚೂ ಹಾಗೆಯೇ. ಆದ್ದರಿಂದ ಆ ಭಾಗವನ್ನು ಎದುರು ನೋಡುತ್ತಿರುವವನ ಬಲಗೈ ದಕ್ಷಿಣ. ಹಾಲೆಂಡ್ ಭೂಮಧ್ಯರೇಖೆಯಿಂದ ಬಹಳ ಉತ್ತರಕ್ಕೆ, ಸುಮಾರು 52 ಡಿಗ್ರಿಯಲ್ಲಿದೆ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಹಾಗಾದರೆ ಅಂಥ ಚಿತ್ರದಲ್ಲಿ ಬಿಸಿಲು ಬಲಗಡೆಯ ಕಿಟಕಿಗಳಿಂದ ಬೀಳುವುದು ಸಹಜ. ಎಡದಿಂದ ಬಿದ್ದಿದ್ದರೆ ಕಾರಣ ಹುಡುಕಬೇಕು: ಅದು ಬೇಸಿಗೆಯ ಮುಂಜಾನೆಯೋ, ಎಡಬಲ ತಿರುವಿದ ಪ್ರತಿಯೋ, ಇಲ್ಲವೆ ಚಿತ್ರಕಾರ ತನಗೆ ಬೇಕಾದಂತೆ ಬೆಳಕು ಹಾಕಿಕೊಂಡನೋ?

ಬೆಂಗಳೂರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಾವಿರುವುದು 13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳ ಮಧ್ಯಾಹ್ನ ಮನೆಯ ಉತ್ತರದ ಗೋಡೆಗೆ ಬಿಸಿಲು ತಾಗುವುದನ್ನು ಮಕ್ಕಳು ನೋಡಿ ಪರೀಕ್ಷಿಸಬಹುದು. ಹಾರ್ಲೆಮ್‌ನ ನಡುಹಗಲಿನಲ್ಲಿ ಅದು ಎಂದೂ ಆಗದ ಮಾತು.

ಗೋಡೆ ಏಕೆ ಬರಿದು?

ಇಲ್ಲಿಯವರೆಗಿನದನ್ನೆಲ್ಲ ಕಣ್ಣು, ಸ್ಕೇಲು, ಭೂಗೋಳ ಹೇಳಿಕೊಟ್ಟವು. ಇನ್ನು ಮುಂದಿನದಕ್ಕೆ ಇತಿಹಾಸ ಬೇಕು.

ಅಷ್ಟು ದೊಡ್ಡ ದೇವಾಲಯದ ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ, ಒಬ್ಬ ಸಂತನ ಮೂರ್ತಿಯೂ ಇಲ್ಲ. ಕಟ್ಟಿದವರಿಗೆ ಹಣ ಸಾಲದೆ ಹೋಯಿತೆ? ಹಾಗೇನಿಲ್ಲ. ಸೇಂಟ್ ಬಾವೋ ಮೊದಲು ಕ್ಯಾಥೊಲಿಕರ ಚರ್ಚು. ಬಲಿಪೀಠಗಳು, ಮೂರ್ತಿಗಳು, ಚಿತ್ರಗಳು ಎಲ್ಲವೂ ಅಲ್ಲಿದ್ದವು. ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರು ದಂಗೆಯೆದ್ದಾಗ ಆ ಹೋರಾಟಕ್ಕೆ ಮತದ ಜಗಳವೂ ಸೇರಿಕೊಂಡಿತು. ಹಾರ್ಲೆಮ್ 1572-73ರಲ್ಲಿ ಸ್ಪೇನಿನ ಸೈನ್ಯದ ದೀರ್ಘ ಮುತ್ತಿಗೆಯನ್ನು ಸಹಿಸಿ ಸೋತಿತ್ತು. 1577ರಲ್ಲಿ ಒಂದು ಒಪ್ಪಂದವಾಯಿತು. ಊರಿನಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಸಮಾನ ಹಕ್ಕಿನಿಂದ ಬಾಳಬೇಕೆಂಬುದು ಅದರ ಸಾರ.

ಆ ಮಾತು ಎರಡು ವರ್ಷವೂ ಉಳಿಯಲಿಲ್ಲ. 1578ರ ಮೇ 29ರಂದು, ಕ್ಯಾಥೊಲಿಕರ ಹಬ್ಬದ ದಿನ, ಜನ ಪ್ರಾರ್ಥನೆಯಲ್ಲಿದ್ದಾಗಲೇ ಸೈನಿಕರು ಚರ್ಚಿಗೆ ನುಗ್ಗಿದರು. ಮೂರ್ತಿಗಳು ಒಡೆದವು, ಬೆಲೆಬಾಳುವ ವಸ್ತುಗಳು ಲೂಟಿಯಾದವು, ಪಾದ್ರಿಯೊಬ್ಬ ಪ್ರಾಣ ಕಳೆದುಕೊಂಡ. ಬಳಿಕ ಚರ್ಚು ಪ್ರಾಟೆಸ್ಟೆಂಟರ ವಶವಾಯಿತು. ಗೋಡೆಗಳಿಗೆ ಸುಣ್ಣ ಬಿತ್ತು.

ಈಗ ಚಿತ್ರವನ್ನು ಮತ್ತೆ ನೋಡಬೇಕು. ಅದೇ ಬಿಳಿ ಗೋಡೆ, ಅದೇ ಖಾಲಿ ಕಾಗದ. ಆದರೆ ಅದು ಮೊದಲಿನಷ್ಟು ಖಾಲಿಯಾಗಿ ಕಾಣುವುದಿಲ್ಲ. ಪುಸ್ತಕ ಬರೆದ ಆಂಪ್ಸಿಂಗ್ ಪ್ರಾಟೆಸ್ಟೆಂಟ್ ಪಾದ್ರಿ. ಅವನ ಉದ್ದೇಶ ಊರಿನ ಹೊಗಳಿಕೆ. ಐವತ್ತು ವರ್ಷದ ಹಿಂದಿನ ಆ ಮಧ್ಯಾಹ್ನದ ಗುರುತು ಇಂಥ ಚಿತ್ರದಲ್ಲಿ ಕಾಣದಿರುವುದು ಆಶ್ಚರ್ಯವಲ್ಲ. ಕಾಣುವುದು ಶಾಂತಿ, ಶುಭ್ರತೆ, ಅಳತೆ. ಅದು ಸುಳ್ಳೆನ್ನಲು ಬರುವುದಿಲ್ಲ. ಗೋಡೆ ನಿಜವಾಗಿಯೂ ಬೆಳ್ಳಗಿತ್ತು, ಚೆಂದವಾಗಿಯೂ ಇತ್ತು. ಆದರೆ ಅದು ಬೆಳ್ಳಗಾದ ಬಗೆಯನ್ನು ಚಿತ್ರ ತಾನಾಗಿ ಹೇಳುವುದಿಲ್ಲ, ಕೇಳಿದವರಿಗಷ್ಟೇ ಹೇಳುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನ್ಯಾಯವಾಗಿ ನೋಡಬೇಕು. ಮೂರ್ತಿ ಬೇಡವೆಂದವರು ದೇವರು ಬೇಡವೆಂದವರಲ್ಲ. ದೇವರ ಮಾತು ಗ್ರಂಥದಲ್ಲಿದೆ, ಅದನ್ನು ಕಿವಿಯಿಂದ ಕೇಳಬೇಕು ಎಂಬುದು ಅವರ ನಂಬಿಕೆ. ಅದಕ್ಕಾಗಿಯೇ ಈ ಚಿತ್ರಗಳಲ್ಲಿ ಪ್ರವಚನ ಪೀಠಕ್ಕೆ ಮುಖ್ಯ ಸ್ಥಾನ. ಚಿತ್ರಗಳಿದ್ದ ಕಡೆ ಹತ್ತು ಆಜ್ಞೆಗಳಂಥ ಬರಹದ ಫಲಕಗಳು ಬಂದವು. ಬಸವೇಶ್ವರನಗರದ ಮಕ್ಕಳಿಗೆ ಇದು ತೀರ ಪರಕೀಯವಾದ ವಿಚಾರವಲ್ಲ. ಅವರ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನವರೂ ಹನ್ನೆರಡನೆಯ ಶತಮಾನದ ಶರಣರೂ ಕಲ್ಲಿನ ಗುಡಿ ದೊಡ್ಡದೋ ಮನುಷ್ಯನ ದೇಹ ದೊಡ್ಡದೋ ಎಂದು ಕೇಳಿದವರೇ. ಅಂಗೈಯ ಇಷ್ಟಲಿಂಗವನ್ನು ಮುಂದಿಟ್ಟವರೇ. ಆರಾಧನೆಗೆ ಆಕಾರ ಎಷ್ಟು ಬೇಕು ಎಂಬ ಪ್ರಶ್ನೆ ಒಂದು ದೇಶದ್ದಲ್ಲ. ಪ್ರಶ್ನೆ ಕೇಳುವುದು ಬೇರೆ, ಇನ್ನೊಬ್ಬರ ಮೂರ್ತಿ ಒಡೆಯುವುದು ಬೇರೆ ಎಂಬುದನ್ನೂ ಮಕ್ಕಳಿಗೆ ಇಲ್ಲೇ ಹೇಳಬೇಕು.

ತಮಾಷೆಯೆಂದರೆ ಗೋಡೆ ಪೂರ್ತಿ ಬರಿದಾಗಿ ಉಳಿಯಲಿಲ್ಲ. ಡಚ್ ಚರ್ಚುಗಳ ಚಿತ್ರಗಳನ್ನು ಹುಷಾರಾಗಿ ನೋಡಿದರೆ ಕಂಬಗಳ ಮೇಲೆ ಮೂಲೆಯಾಗಿ ನಿಲ್ಲಿಸಿದ ಚೌಕಾಕಾರದ ಫಲಕಗಳು ಕಾಣುತ್ತವೆ. ತೀರಿಕೊಂಡ ಶ್ರೀಮಂತರ ಮನೆತನದ ಲಾಂಛನಗಳವು. ಸಂತರು ಇಳಿದ ಜಾಗಕ್ಕೆ ಸಾಹುಕಾರರು ಏರಿದರು.

ನಾಯಿಗಳೂ ಮಕ್ಕಳೂ

ಈ ಚಿತ್ರಗಳಲ್ಲಿ ಪುಟಾಣಿಗಳಿಗೆ ಮೊದಲು ಕಾಣುವುದು ನಾಯಿ. ದೇವರ ಮನೆಯಲ್ಲಿ ನಾಯಿಗೇನು ಕೆಲಸ? ಚಿತ್ರಕಾರನ ಕುಚೋದ್ಯವೆಂದು ತಳ್ಳಿಹಾಕುವ ಮೊದಲು ವಿಚಾರಿಸಬೇಕು. ಆ ಚರ್ಚುಗಳು ವಾರದ ದಿನಗಳಲ್ಲಿ ಊರಿನ ಚಾವಡಿಯಂತಿದ್ದವು. ಮಳೆ ಬಂದರೆ ಜನ ಒಳಗೆ ಬಂದು ಓಡಾಡುತ್ತಿದ್ದರು, ಮಾತಾಡುತ್ತಿದ್ದರು. ಹಿಂದೆಯೇ ನಾಯಿಗಳೂ ಬರುತ್ತಿದ್ದವು. ಅವನ್ನು ಓಡಿಸಲೆಂದೇ ಸಂಬಳದ ಆಳು ಇರುತ್ತಿದ್ದ. ಸೇಂಟ್ ಬಾವೋದಲ್ಲಿ ನಾಯಿ ಓಡಿಸುವವರ ಹೆಸರಿನ ಒಂದು ಮೂಲೆಯೇ ಇಂದಿಗೂ ಇದೆ. ನೆಲದ ಕಲ್ಲುಗಳೂ ಬರಿಯ ಕಲ್ಲುಗಳಲ್ಲ, ಸಮಾಧಿಗಳ ಮುಚ್ಚಳಗಳು. ಸಾನ್ರೆಡಾಮ್ 1665ರಲ್ಲಿ ತೀರಿಕೊಂಡಾಗ ಅವನನ್ನೂ ಅದೇ ಚರ್ಚಿನಲ್ಲಿ ಹೂಳಿದರು.

ಅವನ ಬ್ಯೂರ್‌ಕೆರ್ಕ್ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ಒಬ್ಬ ಹುಡುಗ ನಾಯಿಗೆ ಆಟ ಕಲಿಸುತ್ತಿದ್ದಾನೆ. ಇನ್ನೊಬ್ಬ ಅಷ್ಟು ಶುಭ್ರವಾದ ಬಿಳಿ ಗೋಡೆಯ ಮೇಲೆ ಗೀಚುತ್ತಿದ್ದಾನೆ. ಗೋಡೆಯಲ್ಲಿ ಮೂಡಿರುವುದು ಒಂದೇ ಕುದುರೆಯ ಮೇಲೆ ನಾಲ್ವರು ಅಣ್ಣತಮ್ಮಂದಿರು ಸವಾರಿ ಮಾಡುವ ಜನಪದ ಕಥೆಯ ಚಿತ್ರ. ಅದರ ಹತ್ತಿರವೇ ಸಾನ್ರೆಡಾಮ್ ತನ್ನ ರುಜು ಹಾಕಿದ್ದಾನೆ. ಚಿತ್ರವನ್ನು ಅಳಿಸಿದ ಗೋಡೆಯ ಮೇಲೆ ಮತ್ತೆ ಚಿತ್ರ ಬರೆದದ್ದು ಒಬ್ಬ ಹುಡುಗ. ಗೋಡೆಗೆ ಕ್ರೆಯಾನ್ ಹಚ್ಚಿದ್ದಕ್ಕೆ ಬೈಸಿಕೊಂಡ ಮಕ್ಕಳಿಗೆ ಇದು ಸಮಾಧಾನ ತಂದೀತು.

ಚಿತ್ರ ಸುಳ್ಳು ಹೇಳೀತೆ?

ಇಷ್ಟು ಅಳತೆಯ ಮನುಷ್ಯ ಬರೆದದ್ದೆಲ್ಲ ಸತ್ಯವೇ ಇರಬೇಕು ಎನ್ನಿಸುವುದು ಸಹಜ. ಇಲ್ಲೇ ಎಚ್ಚರ ಬೇಕು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಸಾನ್ರೆಡಾಮ್ 1630ರಲ್ಲಿ ಬರೆದ ಸೇಂಟ್ ಬಾವೋದ ಚಿತ್ರವಿದೆ. ಅದರಲ್ಲಿ ಬಿಷಪ್ ಒಬ್ಬನ ಭವ್ಯ ಸಮಾಧಿ ಕಾಣುತ್ತದೆ. ಅಂಥ ಸಮಾಧಿ ಆ ಚರ್ಚಿನಲ್ಲಿ ಇರಲೇ ಇಲ್ಲ. ಕಂಬ, ಕಮಾನು, ಕಿಟಕಿ ಎಲ್ಲ ಕಟ್ಟಡದವು. ಸಮಾಧಿ ಮಾತ್ರ ಕಲ್ಪನೆಯದು. ನಿಜದ ನಡುವೆ ಇಟ್ಟ ಕಲ್ಪನೆ ನಿಜದಂತೆಯೇ ಕಾಣುತ್ತದೆ. ಪರ್ಸ್‌ಪೆಕ್ಟಿವ್ ಸರಿಯಾಗಿರುವುದಕ್ಕೂ ಮಾತು ಸತ್ಯವಾಗಿರುವುದಕ್ಕೂ ಸಂಬಂಧವಿಲ್ಲ.

ನಮ್ಮ ನಾಡಿನ ವಿಷಯಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1596ರಲ್ಲಿ ಪ್ರಕಟವಾದ ಲಿನ್ಶೋಟೆನ್ ಎಂಬ ಡಚ್ಚನ ಪ್ರವಾಸಗ್ರಂಥದಲ್ಲಿ ಗೋವೆಯ ಪೇಟೆಬೀದಿ, ಈ ಕಡೆಯ ಜನರ ಉಡುಗೆತೊಡುಗೆಗಳ ಅಚ್ಚುಚಿತ್ರಗಳಿವೆ. ಲಿನ್ಶೋಟೆನ್ 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದವನು. ಆದರೆ ತಾಮ್ರದ ಮೇಲೆ ಕೊರೆದವರು ಹಾಲೆಂಡಿನಲ್ಲಿ ಕೂತ ಕೆಲಸಗಾರರು. ಕಂಡವನು ಒಬ್ಬ, ಕೊರೆದವನು ಇನ್ನೊಬ್ಬ. ಆ ಚಿತ್ರಗಳನ್ನು ನೋಡುವಾಗ ಇದು ನೆನಪಿರಬೇಕು.

ಹಾರ್ಲೆಮ್‌ನಿಂದ ಬಿಜಾಪುರಕ್ಕೆ

ಹಾರ್ಲೆಮ್ ಕನ್ನಡ ನಾಡಿಗೆ ಅಷ್ಟೇನೂ ದೂರದ ಊರಲ್ಲ. ಆ ಊರಿನ ಚಿತ್ರಕಾರನೇ ಒಬ್ಬ ಇಲ್ಲಿಗೆ ಬಂದಿದ್ದ. ಅವನ ಹೆಸರು ಕಾರ್ನೆಲಿಸ್ ಹೇಡಾ. ಪ್ರಾಗ್ ನಗರದಲ್ಲಿ ಚಕ್ರವರ್ತಿ ರುಡಾಲ್ಫನ ಆಸ್ಥಾನವನ್ನು ಕಂಡು, ಪರ್ಷಿಯಾದ ದಾರಿ ಹಿಡಿದು, ಹದಿನೇಳನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಅವನು ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಷಾನ ಚಿತ್ರಕಾರನಾಗಿದ್ದ. ಅವನು ಬರೆದ ಪತ್ರಗಳು ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಲ್ಲಿ ಉಳಿದಿವೆ. ಇದು ಅವನದೇ ಎಂದು ಖಚಿತವಾಗಿ ಹೇಳಬಹುದಾದ ಚಿತ್ರ ಮಾತ್ರ ಬಿಜಾಪುರದಲ್ಲಿ ಉಳಿದಿಲ್ಲ.

ಬಿಜಾಪುರದ ಅಸರ್ ಮಹಲಿನ ಮಹಡಿಯ ಗೋಡೆಗಳ ಮೇಲೆ ಹೂದಾನಿಗಳೂ ಮನುಷ್ಯರ ಆಕೃತಿಗಳೂ ಇದ್ದು, ಅವುಗಳಲ್ಲಿ ಯುರೋಪಿನ ಶೈಲಿಯ ನೆರಳು ಕಂಡವರಿದ್ದಾರೆ. ಹಾಗಾದರೆ ಅವು ಹೇಡಾನ ಕೈಕೆಲಸವೆ? ಆಸೆ ಹಾಗೆನ್ನುತ್ತದೆ, ಲೆಕ್ಕ ಒಪ್ಪುವುದಿಲ್ಲ. ಅಸರ್ ಮಹಲ್ ಕಟ್ಟಿದ್ದು 1646ರ ಸುಮಾರಿಗೆ, ಇಬ್ರಾಹಿಂ ತೀರಿಕೊಂಡು ಸುಮಾರು ಎರಡು ದಶಕ ಕಳೆದ ಮೇಲೆ. ಚಂದದ ಕಥೆಯೊಂದನ್ನು ತಾರೀಖು ತಡೆದಾಗ ಕಥೆಯನ್ನು ಬಿಡಬೇಕು, ತಾರೀಖನ್ನಲ್ಲ. ಯುರೋಪಿನ ಶೈಲಿ ನಮ್ಮ ದೇಶಕ್ಕೆ ಬರಲು ಚಿತ್ರಕಾರನೇ ಬರಬೇಕೆಂದೂ ಇರಲಿಲ್ಲ. ಹಗುರವಾದ, ಮಡಚಬಹುದಾದ ಅಚ್ಚುಚಿತ್ರಗಳು ಹಡಗಿನಲ್ಲಿ ಬರುತ್ತಿದ್ದವು. 1580ರಲ್ಲಿ ಜೆಸುಯಿಟ್ ಪಾದ್ರಿಗಳು ಅಕ್ಬರನಿಗೆ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಸಚಿತ್ರ ಬೈಬಲ್ ಕೊಟ್ಟಿದ್ದರು. ಮೊಗಲ್ ಚಿತ್ರಕಾರರು ಅಂಥ ಮುದ್ರಣಚಿತ್ರಗಳನ್ನು ನೋಡಿ ತಮ್ಮದೇ ರೀತಿಯಲ್ಲಿ ಮತ್ತೆ ಬರೆದರು.

ಬಿಜಾಪುರಕ್ಕೆ ಶಾಲಾ ಪ್ರವಾಸ ಹೋಗುವ ಮಕ್ಕಳು ಗೋಲ ಗುಮ್ಮಟದೊಳಗೆ ಕೂಗುವುದನ್ನು ಮುಗಿಸಿದ ಮೇಲೆ ಒಂದು ಪ್ರಯತ್ನ ಮಾಡಬಹುದು. ಒಳಗಿನ ನೆಲ ಸುಮಾರು 1,700 ಚದರ ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಒಂದು ಬಿಂದುವಿನತ್ತ ಓಡುವ ಕಂಬಸಾಲೇ ಇಲ್ಲದ ಆ ಜಾಗದ ದೊಡ್ಡತನವನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ದೂರದ ಗೋಡೆಯ ಬುಡದಲ್ಲಿ ಒಬ್ಬ ಪುಟ್ಟ ಮನುಷ್ಯನನ್ನು ನಿಲ್ಲಿಸಿದರೆ ಉತ್ತರ ಸಿಗುತ್ತದೆ. ಡಚ್ ಚಿತ್ರಗಳಲ್ಲಿ ಆ ಪುಟ್ಟ ಆಕೃತಿಗಳಿಗೆ ಇದ್ದ ಕೆಲಸವೂ ಅದೇ.

ಬೆಂಗಳೂರಿನಲ್ಲೇ ಎರಡು ಪಾಠ

ಹಾರ್ಲೆಮ್‌ಗೆ ಹೋಗಲಾರದವರು ಕಾರ್ಪೊರೇಷನ್ ವೃತ್ತದವರೆಗೆ ಹೋಗಬಹುದು. ಅಲ್ಲಿನ ಹಡ್ಸನ್ ಸ್ಮಾರಕ ಚರ್ಚು 1904ರದ್ದು. ಕನ್ನಡ ಶಾಲೆಗಳಿಗಾಗಿ ದುಡಿದ ಜೊಸಾಯ ಹಡ್ಸನ್ನರ ನೆನಪಿನದು. ಕನ್ನಡದಲ್ಲಿ ಆರಾಧನೆ ನಡೆಯುವ ಪ್ರಾಟೆಸ್ಟೆಂಟ್ ಚರ್ಚು. ಅಲ್ಲಿಂದ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ದೂರವೇನಲ್ಲ. ಗೋಥಿಕ್ ಶೈಲಿಯ ಈ ಕ್ಯಾಥೊಲಿಕ್ ಚರ್ಚು 1882ರದ್ದು. ಒಂದೇ ಮಧ್ಯಾಹ್ನ ಎರಡನ್ನೂ ನೋಡಿ, ಎಲ್ಲಿ ಮೂರ್ತಿಗಳಿವೆ, ಎಲ್ಲಿ ಕಣ್ಣು ಪ್ರವಚನ ಪೀಠದ ಕಡೆ ಹೋಗುತ್ತದೆ, ಎಲ್ಲಿ ಬಲಿಪೀಠದ ಕಡೆ ಎಂದು ಬರೆದುಕೊಂಡರೆ ಸಾಕು. ಆರಾಧನೆಯ ಹೊತ್ತು ತಪ್ಪಿಸಿ, ಅನುಮತಿ ಕೇಳಿ, ಸದ್ದಿಲ್ಲದೆ ಕೂರಬೇಕು ಎಂಬುದನ್ನು ಹೇಳಬೇಕಾಗಿಲ್ಲ. ಮಂಗಳೂರಿನ ಕಡೆ ಹೋದವರು ಸೇಂಟ್ ಅಲೋಷಿಯಸ್ ಚಾಪೆಲ್ ನೋಡಬಹುದು. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಹಾರ್ಲೆಮ್‌ನ ಬಿಳಿ ಗೋಡೆಗೆ ಅದಕ್ಕಿಂತ ಸರಿಯಾದ ಎದುರುಜೋಡಿ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ಚಿತ್ರಗಳು ಬೇಕಾದರೆ ಅವೂ ದುರ್ಲಭವಲ್ಲ. ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂ ತನ್ನ ಸಂಗ್ರಹದ ಸಾವಿರಾರು ಮುದ್ರಣಚಿತ್ರಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ತಾಮ್ರದ ಗೆರೆ ಗೆರೆಯನ್ನೂ ದೊಡ್ಡದು ಮಾಡಿ ನೋಡಬಹುದು.

ಪಾಲಕರು ಮಾಡಬೇಕಾದದ್ದು ಬಹಳ ಕಡಿಮೆ. ಮಗು ಚಿತ್ರ ನೋಡುವಾಗ 'ಇದರ ಅರ್ಥವೇನು ಹೇಳು' ಎಂದು ಕೇಳಬಾರದು. ಆ ಪ್ರಶ್ನೆಗೆ ಮಗು ದೊಡ್ಡವರು ಮೆಚ್ಚುವ ಉತ್ತರವನ್ನು ಹುಡುಕುತ್ತದೆ, ಚಿತ್ರವನ್ನು ಬಿಡುತ್ತದೆ. ಅದರ ಬದಲು ನಾಲ್ಕು ಸಣ್ಣ ಪ್ರಶ್ನೆಗಳನ್ನು ಕೇಳಬೇಕು: ಏನೇನು ಕಾಣುತ್ತಿದೆ? ಬರೆದವನು ಎಲ್ಲಿ ನಿಂತಿದ್ದಾನೆ? ಇದನ್ನು ಯಾರು, ಯಾರಿಗಾಗಿ ಮಾಡಿಸಿದರು? ಇಲ್ಲಿ ಇರಬೇಕಾಗಿದ್ದು ಕಾಣದೆ ಹೋದದ್ದು ಏನು? ಮೊದಲ ಎರಡಕ್ಕೆ ಮಗು ತಾನೇ ಉತ್ತರಿಸುತ್ತದೆ. ಮೂರನೆಯದಕ್ಕೆ ಪುಸ್ತಕ ತೆಗೆಯಬೇಕಾಗುತ್ತದೆ. ನಾಲ್ಕನೆಯದಕ್ಕೆ ದೊಡ್ಡವರೂ ಜೊತೆಯಲ್ಲಿ ಕೂತು ಯೋಚಿಸಬೇಕಾಗುತ್ತದೆ.

ದಿನಕ್ಕೆ ನೂರು ಚಿತ್ರಗಳು ಮೊಬೈಲಿನಲ್ಲಿ ಹಾದುಹೋಗುವ ಕಾಲದಲ್ಲಿ ಬೆಳೆಯುವ ಮಕ್ಕಳಿಗೆ ಈ ನಾಲ್ಕು ಪ್ರಶ್ನೆಗಳು ಡ್ರಾಯಿಂಗ್ ಪರೀಕ್ಷೆಯಾಚೆಗೂ ಬೇಕಾಗುತ್ತವೆ. ಯಾವುದೋ ಊರಿನ ಗಲಭೆಯ ಚಿತ್ರ, ಯಾವುದೋ ನಾಯಕನ ಚಿತ್ರ, ನೋಡಿದ ಕೂಡಲೇ ಸಿಟ್ಟು ಬರಿಸುವ ಚಿತ್ರ ಕೈಗೆ ಬಂದಾಗ ಅದನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಒಂದು ಕ್ಷಣ ತಡೆದು, ಇದನ್ನು ತೆಗೆದವನು ಎಲ್ಲಿ ನಿಂತಿದ್ದ ಎಂದು ಕೇಳುವ ಹುಡುಗನನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು.